ಒಂದೇ ವಹಿಗೆ ಎರಡು ಕೈ: ಥ್ರೆಡ್‌ಗಳ ನಡುವೆ ಲೆಕ್ಕ ತಪ್ಪದಂತೆ ಲಾಕ್ ಹಾಕುವುದು ಹೇಗೆ

ಆ ದಿನ ಸಂಜೆ ಕಂಪ್ಯೂಟರ್ 1,060 ಚೀಲ ಅಂತ ತೋರಿಸುತ್ತಿತ್ತು. ಗೋದಾಮಿನಲ್ಲಿ ಎಣಿಸಿದರೆ 1,020. ಉಳಿದ 40 ಚೀಲ ತೊಗರಿ ಎಲ್ಲಿ ಹೋಯಿತು?

ಕಲಬುರಗಿಯ ನೆಹರು ಗಂಜ್‌ನ ಒಂದು ಅಡತ್ (ದಲ್ಲಾಳಿ) ಅಂಗಡಿಗೆ ಆ ಸ್ಟಾಕ್ ಸಾಫ್ಟ್‌ವೇರ್ ಬರೆದುಕೊಟ್ಟವನು ನಾನೇ. ಜನವರಿ ತಿಂಗಳು, ತೊಗರಿ ಸೀಜನ್, ಬೆಳಿಗ್ಗೆಯಿಂದ ಗಾಡಿಗಳ ಸಾಲು. 40 ಚೀಲ ಕಡಿಮೆ ಅಂದ ಕೂಡಲೇ ಎಲ್ಲರ ಕಣ್ಣು ಹಮಾಲರ ಕಡೆ ಹೋಯಿತು. ಕಂಪ್ಯೂಟರ್ ತಪ್ಪಿರಬಹುದು ಅಂತ ಯಾರಿಗೂ ಅನಿಸಲಿಲ್ಲ. ಬರೆದವನಿಗೂ ಅನಿಸಲಿಲ್ಲ. ಅಂಗಡಿಯ ವಹಿ, ಅಂದರೆ ಲೆಕ್ಕದ ಪುಸ್ತಕ ಬರೆಯುವ ಹಳೆಯ ಮುನೀಮ ಕಾಕಾ ಒಬ್ಬರೇ ಸುಮ್ಮನೆ ಬಿಲ್ ಬುಕ್ ತೆಗೆದು ನೋಡಿದರು. 40 ಚೀಲ ಮಾರಿದ ಬಿಲ್ ಅಲ್ಲೇ ಇತ್ತು. ದುಡ್ಡೂ ಬಂದಿತ್ತು. ಸ್ಟಾಕ್‌ನಲ್ಲಿ ಮಾತ್ರ ಕಳೆದಿರಲಿಲ್ಲ.

"ತಮ್ಮಾ, ನಿನ್ನ ಕಂಪ್ಯೂಟರಿನ್ಯಾಗ ವಹಿ ಯಾರು ಬರೀತಾರ?" ಅಂತ ಕೇಳಿದರು.

"ಇಬ್ಬರು ಬರೀತಾರ ಕಾಕಾ. ಕಾಟಾದ ಕಡಿಂದ ಒಬ್ಬ, ಬಿಲ್ಲಿನ ಕಡಿಂದ ಒಬ್ಬ."

"ಒಂದ ವಹಿಗಿ ಎರಡ ಕೈ ಹಚ್ಚಿದ್ರ ಲೆಕ್ಕ ಹ್ಯಾಂಗ ಕೂಡ್ತದೋ?"

ಕಾಲೇಜಿನಲ್ಲಿ ಇದೇ ಪಾಠ ಓದಿ ಪಾಸಾದವನು ನಾನು. ಆದರೂ ಬಾಯಲ್ಲಿ ಉತ್ತರ ಇರಲಿಲ್ಲ. ಆ ರಾತ್ರಿಯಿಂದ ಕೋಡನ್ನು ಯಾವ ಕ್ರಮದಲ್ಲಿ ಸರಿಮಾಡುತ್ತ ಹೋದೆನೋ ಅದೇ ಕ್ರಮದಲ್ಲಿ ಇಲ್ಲಿ ಬರೆಯುತ್ತೇನೆ. ನಡುವೆ ನಾನು ಮಾಡಿದ ಹೊಸ ತಪ್ಪುಗಳೂ ಇವೆ.

ಮೊದಲು ತಪ್ಪು ಎಲ್ಲಿ ಆಯಿತು ಅಂತ ನೋಡಿ

ಕೋಡಿನಲ್ಲಿ ಅದು ಒಂದೇ ಸಾಲು: ಸ್ಟಾಕ್ = ಸ್ಟಾಕ್ − 40. ನಮ್ಮ ಕಣ್ಣಿಗೆ ಒಂದು ಸಾಲಾದರೂ ಯಂತ್ರಕ್ಕೆ ಮೂರು ಕೆಲಸ. ಹಳೆಯ ಸಂಖ್ಯೆ ಓದಬೇಕು, 40 ಕಳೆಯಬೇಕು, ಹೊಸ ಸಂಖ್ಯೆ ಬರೆಯಬೇಕು. ಈ ಮೂರರ ನಡುವೆ ಎಲ್ಲಿ ಬೇಕಾದರೂ ಇನ್ನೊಂದು ಥ್ರೆಡ್ (ಅದೇ ಪ್ರೋಗ್ರಾಂ ಒಳಗೆ ಜೊತೆಜೊತೆಗೆ ಓಡುವ ಇನ್ನೊಂದು ಕೆಲಸದ ಎಳೆ) ನುಗ್ಗಬಹುದು. ನನ್ನ ಪ್ರೋಗ್ರಾಂನಲ್ಲಿ ಕಾಟಾ (ತೂಕದ ಯಂತ್ರ) ಥ್ರೆಡ್ ಬಂದ ಚೀಲ ಕೂಡಿಸುತ್ತದೆ, ಬಿಲ್ ಥ್ರೆಡ್ ಮಾರಿದ ಚೀಲ ಕಳೆಯುತ್ತದೆ. ಆ ದಿನ ನಡೆದದ್ದು ಹೀಗೆ:

ಕಾಟಾ ಥ್ರೆಡ್ ಸ್ಟಾಕ್ ಓದಿತು: 1,000
ಬಿಲ್ ಥ್ರೆಡ್ ಸ್ಟಾಕ್ ಓದಿತು: 1,000
ಬಿಲ್ ಥ್ರೆಡ್ 40 ಕಳೆದು ಬರೆಯಿತು: 960
ಕಾಟಾ ಥ್ರೆಡ್ ತಾನು ಮೊದಲೇ ಓದಿದ್ದ 1,000ಕ್ಕೆ 60 ಕೂಡಿಸಿ ಬರೆಯಿತು: 1,060

ಬಿಲ್ ಥ್ರೆಡ್ ಬರೆದ 960ರ ಮೇಲೆ ಕಾಟಾ ಥ್ರೆಡ್ ತನ್ನ ಲೆಕ್ಕ ಬರೆದುಬಿಟ್ಟಿತು. ಎರಡೂ ತಮ್ಮ ಕೆಲಸ ಸರಿಯಾಗೇ ಮಾಡಿದವು. ಒಂದು ಎರರ್ ಕೂಡ ಬರಲಿಲ್ಲ. ಇದಕ್ಕೆ ರೇಸ್ ಕಂಡೀಶನ್ ಅನ್ನುತ್ತಾರೆ. ಯಾರು ಮೊದಲು ಓಡಿದರು ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ದಿನಕ್ಕೆ ನೂರಾರು ಸಲ ಸರಿ ಬಂದು ಒಂದು ಸಲ ತಪ್ಪುತ್ತದೆ. ಆ ಒಂದು ಸಲ ಹಮಾಲರ ತಲೆಗೆ ಬರುತ್ತದೆ.

ಹೆಜ್ಜೆ 1: ಹಂಚಿಕೊಂಡ ಡೇಟಾದ ಪಟ್ಟಿ ಮಾಡಿ

ಒಂದು ಸಲಕ್ಕೆ ಒಂದೇ ಥ್ರೆಡ್ ಡೇಟಾ ಮುಟ್ಟುವಂತೆ, ಉಳಿದವು ಕಾಯುವಂತೆ ಮಾಡುವುದೇ ಲಾಕ್. ಆದರೆ ಅದನ್ನು ಹಾಕಲು ಓಡಬೇಡಿ. ಮೊದಲು ಪೆನ್ನು, ಹಾಳೆ ತೆಗೆದುಕೊಳ್ಳಿ. ಒಂದಕ್ಕಿಂತ ಜಾಸ್ತಿ ಥ್ರೆಡ್ ಮುಟ್ಟುವ ಡೇಟಾ ಯಾವುದು? ಅದರಲ್ಲಿ ಬದಲಾಗುವುದು ಯಾವುದು? ಎರಡೂ ಪ್ರಶ್ನೆಗೆ ಉತ್ತರವಾಗಿ ಬಂದ ಡೇಟಾದ್ದು ಮಾತ್ರ ಚಿಂತೆ.

ಫಂಕ್ಷನ್ ಒಳಗೆ ಹುಟ್ಟಿ ಅಲ್ಲೇ ಸಾಯುವ ಲೋಕಲ್ ವೇರಿಯಬಲ್ ಪ್ರತಿ ಥ್ರೆಡ್‌ಗೂ ಬೇರೆ ಬೇರೆ ಇರುತ್ತದೆ. ಅದನ್ನು ಬಿಟ್ಟುಬಿಡಿ. ಒಮ್ಮೆ ತುಂಬಿದ ಮೇಲೆ ಯಾರೂ ಬದಲಿಸದ ಡೇಟಾವನ್ನು ಎಷ್ಟು ಥ್ರೆಡ್ ಓದಿದರೂ ತೊಂದರೆ ಇಲ್ಲ. ಗ್ಲೋಬಲ್ ವೇರಿಯಬಲ್, ಸ್ಟ್ಯಾಟಿಕ್ ಫೀಲ್ಡ್, ಎಲ್ಲರೂ ಬಳಸುವ ಆಬ್ಜೆಕ್ಟಿನ ಫೀಲ್ಡ್, ಕ್ಯಾಶ್, ಲಿಸ್ಟ್, ಮ್ಯಾಪ್, ಇವು ಹಾಳೆಗೆ ಬರಬೇಕು.

ನನ್ನ ಹಾಳೆಯಲ್ಲಿ ನಾಲ್ಕು ಬಂದವು: ಗೋದಾಮುಗಳ ಸ್ಟಾಕ್, ಮುಂದಿನ ಬಿಲ್ ನಂಬರ್, ಗಿರಾಕಿಗಳ ಬಾಕಿ, ದಿನದ ದರ. ದರವನ್ನು ಬೆಳಿಗ್ಗೆ ಪ್ರೋಗ್ರಾಂ ಶುರುವಾಗುವಾಗ ತುಂಬುತ್ತಿದ್ದೆ, ಸಂಜೆವರೆಗೂ ಮುಟ್ಟುತ್ತಿರಲಿಲ್ಲ. ಅದನ್ನು ಹೊಡೆದುಹಾಕಿದೆ. ಮೂರು ಉಳಿದವು.

"ನಾನು ಥ್ರೆಡ್ಡೇ ಮಾಡಿಲ್ಲ, ನನಗೆ ಇದೆಲ್ಲ ಯಾಕೆ" ಅನ್ನುವವರು ಇನ್ನೊಮ್ಮೆ ನೋಡಿಕೊಳ್ಳಿ. ಹಲವು ವೆಬ್ ಸರ್ವರ್‌ಗಳು ಒಂದೊಂದು ರಿಕ್ವೆಸ್ಟನ್ನು ಒಂದೊಂದು ಥ್ರೆಡ್‌ನಲ್ಲಿ ಓಡಿಸುತ್ತವೆ. ಟೈಮರ್ ಕೂಡ ಎಷ್ಟೋ ಸಲ ಬೇರೆ ಥ್ರೆಡ್‌ನಲ್ಲೇ ಕೂಗುತ್ತದೆ. ನೀವು ಕರೆಯದೆ ಬಂದ ನೆಂಟರು ಅವರು.

ಹೆಜ್ಜೆ 2: ಪ್ರತಿ ಡೇಟಾದ ಮುಂದೆ ಅದರ ನಿಯಮ ಬರೆಯಿರಿ

ಇದನ್ನು ಬಹಳ ಜನ ಬಿಡುತ್ತಾರೆ. ನನ್ನ ಪ್ರಕಾರ ಅರ್ಧ ಕೆಲಸ ಇಲ್ಲೇ ಇದೆ. ಲಾಕ್ ಕಾಯುವುದು ಕೋಡಿನ ಸಾಲುಗಳನ್ನಲ್ಲ. ಡೇಟಾದ ಬಗ್ಗೆ ಯಾವಾಗಲೂ ನಿಜ ಇರಬೇಕಾದ ಒಂದು ಮಾತನ್ನು ಅದು ಕಾಯುತ್ತದೆ.

ಸ್ಟಾಕ್‌ನ ಮುಂದೆ ನಾನು ಬರೆದ ಮಾತು: "ಎಲ್ಲ ಗೋದಾಮುಗಳ ಚೀಲ ಕೂಡಿಸಿದರೆ ಒಟ್ಟು ಸ್ಟಾಕ್ ಬರಬೇಕು, ಯಾವ ಗೋದಾಮೂ ಸೊನ್ನೆಗಿಂತ ಕೆಳಗೆ ಹೋಗಬಾರದು." ಬರೆದ ಮೇಲೆ ಒಂದು ವಿಷಯ ಹೊಳೆಯಿತು. ಮೊದಲ ಗೋದಾಮಿನಿಂದ ಎರಡನೆಯದಕ್ಕೆ 50 ಚೀಲ ಸಾಗಿಸುತ್ತೇವೆ ಅಂತಿಟ್ಟುಕೊಳ್ಳಿ. ಕಳೆಯುವಾಗ ಒಮ್ಮೆ ಲಾಕ್ ಹಾಕಿ ತೆಗೆದೆ, ಕೂಡಿಸುವಾಗ ಇನ್ನೊಮ್ಮೆ ಹಾಕಿ ತೆಗೆದೆ. ಎರಡೂ ಕಡೆ ಲಾಕ್ ಇದೆ, ನೋಡಲು ಚೆನ್ನಾಗಿದೆ. ಆದರೆ ನಡುವಿನ ಕ್ಷಣದಲ್ಲಿ ಯಾರಾದರೂ ಒಟ್ಟು ಸ್ಟಾಕ್ ಕೇಳಿದರೆ 50 ಚೀಲ ಗಾಳಿಯಲ್ಲಿರುತ್ತವೆ. ಕಳೆಯುವುದು, ಕೂಡಿಸುವುದು ಎರಡೂ ಒಂದೇ ನಿಯಮಕ್ಕೆ ಸೇರಿದವು. ಹಾಗಾಗಿ ಎರಡೂ ಮುಗಿಯುವವರೆಗೆ ಲಾಕ್ ಬಿಡಬಾರದು.

ಒಂದೇ ನಿಯಮದಲ್ಲಿ ಬರುವ ಎಲ್ಲ ಡೇಟಾಕ್ಕೂ ಒಂದೇ ಲಾಕ್. ಬೇರೆ ನಿಯಮಕ್ಕೆ ಬೇಕಾದರೆ ಬೇರೆ ಲಾಕ್. ಹಾಳೆಯ ಮೇಲೆ ಡೇಟಾ, ನಿಯಮ, ಲಾಕಿನ ಹೆಸರು ಅಂತ ಮೂರು ಕಾಲಂ ಮಾಡಿ. ಆಮೇಲೆ ಅದನ್ನೇ ಕೋಡಿನಲ್ಲಿ ಡೇಟಾದ ಪಕ್ಕ ಕಮೆಂಟಾಗಿ ಬರೆದಿಡಿ. ಆರು ತಿಂಗಳ ಮೇಲೆ ಆ ಕೋಡನ್ನು ತೆರೆಯುವವರು ನೀವೇ ಇರಬಹುದು.

ಹೆಜ್ಜೆ 3: ಒಂದೇ ಲಾಕ್, ಎಲ್ಲ ಕಡೆ ಅದೇ ಲಾಕ್

ನಮ್ಮ ಕಡೆ ಬೀಗಕ್ಕೂ ಕೀಲಿ ಅನ್ನುತ್ತೇವೆ, ತೆಗೆಯುವುದಕ್ಕೆ ಕೀಲಿಕೈ. ಬೆಂಗಳೂರಿನ ಗೆಳೆಯನಿಗೆ "ಕೀಲಿ ಹಾಕು" ಅಂದರೆ ಒಂದು ಕ್ಷಣ ಗಲಿಬಿಲಿ ಆಗುತ್ತಾನೆ. ಆ ಜಗಳ ಬೇಡ ಅಂತ ಇಲ್ಲಿ ಲಾಕ್ ಅಂತಲೇ ಬರೆಯುತ್ತಿದ್ದೇನೆ.

ಆದರೆ ಬಾಗಿಲಿನ ಕೀಲಿಗೂ ಕೋಡಿನ ಲಾಕಿಗೂ ದೊಡ್ಡ ವ್ಯತ್ಯಾಸ ಇದೆ. ಬಾಗಿಲಿನದು ಕಳ್ಳನನ್ನೂ ತಡೆಯುತ್ತದೆ. ಕೋಡಿನದು ಕೇಳಿಕೊಂಡು ಬರುವವರನ್ನು ಮಾತ್ರ ತಡೆಯುತ್ತದೆ. ಅದಕ್ಕಿಂತ ರೈಲಿನ ಹಳೆಯ ಟೋಕನ್ ಪದ್ಧತಿ ಹತ್ತಿರದ ಹೋಲಿಕೆ. ಸಿಂಗಲ್ ಲೈನಿನಲ್ಲಿ ಎರಡು ಸ್ಟೇಷನ್ ನಡುವೆ ಒಂದು ಸಲಕ್ಕೆ ಒಂದೇ ಗಾಡಿ ಹೋಗಬೇಕು. ಅದಕ್ಕೆ ಡ್ರೈವರ್ ಕೈಗೆ ಲೋಹದ ಟೋಕನ್ ಚೆಂಡು ಕೊಡುತ್ತಿದ್ದರು. ಒಂದು ಚೆಂಡು ಹೊರಗಿದ್ದಾಗ ಯಂತ್ರದಿಂದ ಇನ್ನೊಂದು ಬರುತ್ತಿರಲಿಲ್ಲ. ಹಳಿಗೆ ಬಾಗಿಲೇನೂ ಇರಲಿಲ್ಲ. ಟೋಕನ್ ಇಲ್ಲದೆ ಗಾಡಿ ಹೊರಡಿಸಬಾರದು ಅನ್ನುವ ಶಿಸ್ತೇ ಬಾಗಿಲು. ಲಾಕ್ ಕೇಳದೆ ಒಂದೇ ಒಂದು ಫಂಕ್ಷನ್ ಸ್ಟಾಕ್ ಮುಟ್ಟಿದರೂ ಉಳಿದವರ ಶಿಸ್ತು ನೀರುಪಾಲು.

ಇಲ್ಲಿ ನಾನು ಮಾಡಿದ ತಪ್ಪು ಕೇಳಿ. ಮೊದಲ ರಿಪೇರಿಯಲ್ಲಿ ಫಂಕ್ಷನ್ ಒಳಗೇ ಹೊಸ ಲಾಕ್ ಮಾಡಿ, ಅದನ್ನೇ ಹಾಕಿಕೊಂಡೆ. ಪ್ರತಿ ಕರೆಗೂ ಹೊಸ ಲಾಕ್ ಹುಟ್ಟುತ್ತಿತ್ತು. ಪ್ರತಿಯೊಬ್ಬರೂ ಮನೆಯಿಂದ ತಮ್ಮ ತಮ್ಮ ಟೋಕನ್ ತಂದ ಹಾಗೆ! ಯಾರೂ ಯಾರಿಗೂ ಕಾಯಲಿಲ್ಲ. ಲಾಕ್ ಯಾವಾಗಲೂ ಡೇಟಾದ ಪಕ್ಕದಲ್ಲಿ, ಡೇಟಾದ ಜೊತೆಯಲ್ಲೇ, ಒಂದೇ ಸಲ ಹುಟ್ಟಬೇಕು. ಸ್ಟಾಕ್ ಮತ್ತು ಅದರ ಲಾಕ್ ಎರಡನ್ನೂ ಒಂದೇ ಕ್ಲಾಸಿನೊಳಗೆ ಪ್ರೈವೇಟ್ ಮಾಡಿ ಇಡಿ. ಹೊರಗಿನವರು "ಚೀಲ ಸೇರಿಸು", "ಚೀಲ ತೆಗೆ" ಅನ್ನುವ ಮೆಥಡ್ ಕರೆಯಲಿ. ಲಾಕ್ ಇದೆ ಅನ್ನುವುದೂ ಅವರಿಗೆ ಗೊತ್ತಾಗಬೇಕಿಲ್ಲ.

ಓದುವಾಗಲೂ ಲಾಕ್ ಬೇಕು. "ಸುಮ್ನೆ ಓದ್ತೀನಿ, ಬದಲಿಸಲ್ಲ" ಅನ್ನುವುದು ನಡೆಯುವುದಿಲ್ಲ. ಇನ್ನೊಬ್ಬರು ಅರ್ಧ ಬರೆದಾಗ ನೀವು ಓದಿಬಿಡಬಹುದು. ಜಾವಾದಲ್ಲಿ ಲಾಕ್ ಇಲ್ಲದೆ ಓದಿದರೆ ಇನ್ನೊಂದು ಥ್ರೆಡ್ ಬರೆದ ಹೊಸ ಸಂಖ್ಯೆ ನಿಮಗೆ ಕಾಣದೇ ಇರಬಹುದು. ಸಿ ಪ್ಲಸ್ ಪ್ಲಸ್‌ನಲ್ಲಂತೂ ಒಬ್ಬರು ಬರೆಯುವಾಗ ಇನ್ನೊಬ್ಬರು ಲಾಕ್ ಇಲ್ಲದೆ ಸಾದಾ ವೇರಿಯಬಲ್ ಓದಿದರೆ, ಪ್ರೋಗ್ರಾಂ ಹೇಗೆ ನಡೆಯುತ್ತದೆ ಅಂತ ಭಾಷೆ ಯಾವ ಭರವಸೆಯನ್ನೂ ಕೊಡುವುದಿಲ್ಲ.

ಬಿಡುವುದನ್ನು ನೆನಪಿಗೆ ಬಿಡಬೇಡಿ. ನಡುವೆ ಎರರ್ ಬಂದರೆ ಲಾಕ್ ಹಾಗೇ ಉಳಿಯುತ್ತದೆ, ಉಳಿದ ಥ್ರೆಡ್‌ಗಳು ಕಾಯುತ್ತಾ ಕೂರುತ್ತವೆ. ಪೈಥಾನ್‌ನಲ್ಲಿ ವಿತ್ ಬಳಸಿ. ಜಾವಾದಲ್ಲಿ ಸಿಂಕ್ರೊನೈಜ್ಡ್ ಬ್ಲಾಕ್ ಬಳಸಿ, ಇಲ್ಲವಾದರೆ ಫೈನಲಿಯಲ್ಲಿ ಅನ್‌ಲಾಕ್ ಮಾಡಿ. ಗೋ ಭಾಷೆಯಲ್ಲಿ ಡಿಫರ್, ಸಿ ಪ್ಲಸ್ ಪ್ಲಸ್‌ನಲ್ಲಿ ಲಾಕ್ ಗಾರ್ಡ್.

ಹೆಜ್ಜೆ 4: ನೋಡುವುದು, ಮಾಡುವುದು ಒಂದೇ ಲಾಕಿನಲ್ಲಿ

ಗೋದಾಮಿನಲ್ಲಿ 50 ಚೀಲ ಉಳಿದಿವೆ. ಇಬ್ಬರು ಗಿರಾಕಿಗಳು, ತಲಾ 40 ಚೀಲ ಬೇಕು. ಎರಡು ಥ್ರೆಡ್‌ಗಳೂ "ಇದೆಯಾ?" ಅಂತ ನೋಡುತ್ತವೆ. ಇದೆ. ಎರಡೂ ಬಿಲ್ ಮಾಡುತ್ತವೆ. ಸ್ಟಾಕ್ ಮೈನಸ್ 30! ನೋಡುವಾಗಲೂ ಲಾಕ್ ಇತ್ತು, ಕಳೆಯುವಾಗಲೂ ಇತ್ತು. ನಡುವೆ ಬಿಟ್ಟಿದ್ದೇ ತಪ್ಪು.

"ಥ್ರೆಡ್ ಸೇಫ್" ಅಂತ ಹೆಸರಿರುವ ಕಲೆಕ್ಷನ್ ಬಳಸಿದವರೂ ಇಲ್ಲೇ ಎಡವುತ್ತಾರೆ. ಜಾವಾದ ಕನ್ಕರೆಂಟ್ ಹ್ಯಾಶ್‌ಮ್ಯಾಪ್‌ನಲ್ಲಿ ಕೀ ಇದೆಯಾ ಅಂತ ಕೇಳುವುದು ಸೇಫ್, ಹಾಕುವುದೂ ಸೇಫ್. ಕೇಳಿ ಆಮೇಲೆ ಹಾಕುವುದು ಸೇಫ್ ಅಲ್ಲ. ಅದಕ್ಕೆಂದೇ ಪುಟ್ ಇಫ್ ಆಬ್ಸೆಂಟ್, ಕಂಪ್ಯೂಟ್, ಮರ್ಜ್ ಅನ್ನುವ ಮೆಥಡ್‌ಗಳಿವೆ. ಅವು ಎರಡೂ ಕೆಲಸವನ್ನು ಒಂದೇ ಏಟಿಗೆ ಮಾಡುತ್ತವೆ.

ಹೆಜ್ಜೆ 5: ಲಾಕ್ ಹಿಡಿದು ಹರಟೆ ಹೊಡೆಯಬೇಡಿ

ನನ್ನ ಎರಡನೆಯ ತಪ್ಪು ಇದು. ಬಿಲ್ ಆದ ಕೂಡಲೇ ಗಿರಾಕಿಗೆ ಎಸ್ಎಂಎಸ್ ಹೋಗಬೇಕಿತ್ತು. ಅದನ್ನೂ ಲಾಕಿನ ಒಳಗೇ ಬರೆದಿದ್ದೆ. ಒಂದು ಮಧ್ಯಾಹ್ನ ನೆಟ್‌ವರ್ಕ್ ನಿಧಾನವಾಯಿತು. ಎಸ್ಎಂಎಸ್ ಹೋಗುವವರೆಗೆ ಲಾಕ್ ಬಿಡುವ ಹಾಗಿಲ್ಲ. ಲಾಕ್ ಬಿಡುವವರೆಗೆ ಕಾಟಾದ ತೂಕ ಸೇರುವ ಹಾಗಿಲ್ಲ. ಬಿಸಿಲಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿಕೊಂಡ ರೈತರು ನನ್ನ ಪ್ರೋಗ್ರಾಂಗೆ ಅಂದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ.

ಲಾಕಿನ ಒಳಗೆ ನೆಟ್‌ವರ್ಕ್, ಪ್ರಿಂಟರ್, ಫೈಲ್ ಕೆಲಸ ಬೇಡ. ಒಳಗೆ ಏನು ಮಾಡುತ್ತದೋ ನಿಮಗೆ ಗೊತ್ತಿಲ್ಲದ ಬೇರೆಯವರ ಕಾಲ್‌ಬ್ಯಾಕ್ (ಅವರು ಕರೆಯಲು ಕೊಟ್ಟ ಫಂಕ್ಷನ್) ಕರೆಯುವುದೂ ಬೇಡ. ಲಾಕ್ ಹಾಕಿ, ಸಂಖ್ಯೆ ಬದಲಿಸಿ, ಬೇಕಾದ ವಿವರವನ್ನು ಲೋಕಲ್ ವೇರಿಯಬಲ್‌ಗೆ ಕಾಪಿ ಮಾಡಿ, ಲಾಕ್ ಬಿಡಿ. ಆಮೇಲೆ ಆ ಕಾಪಿಯಿಂದ ಎಸ್ಎಂಎಸ್ ಕಳಿಸಿ.

ಲಿಸ್ಟ್ ಅಥವಾ ಮ್ಯಾಪ್ ಮೇಲೆ ಲೂಪ್ ಓಡಿಸುವಾಗಲೂ ಇದೇ ಉಪಾಯ. ಒಬ್ಬರು ಲೂಪ್ ಓಡಿಸುತ್ತಿರುವಾಗ ಇನ್ನೊಬ್ಬರು ಅದರಲ್ಲಿ ತೆಗೆದು ಹಾಕಿ ಮಾಡಿದರೆ ಜಾವಾ ಕನ್ಕರೆಂಟ್ ಮಾಡಿಫಿಕೇಶನ್ ಎಕ್ಸೆಪ್ಶನ್ ಎಸೆಯಬಹುದು. ಪೈಥಾನ್ ಡಿಕ್ಷನರಿ ಗಾತ್ರ ಬದಲಾಯಿತು ಅಂತ ದೂರುತ್ತದೆ. ಗೋ ಭಾಷೆ ಇದನ್ನು ಕಂಡುಹಿಡಿದರೆ ಪ್ರೋಗ್ರಾಂ ಅನ್ನೇ ನಿಲ್ಲಿಸಿಬಿಡುತ್ತದೆ. ಹೀಗೆ ಬಾಯಿ ಬಿಟ್ಟು ಹೇಳಿದರೆ ನಿಮ್ಮ ಅದೃಷ್ಟ ಅಂದುಕೊಳ್ಳಿ. ಲಾಕಿನ ಒಳಗೆ ಲಿಸ್ಟಿನ ಕಾಪಿ ತೆಗೆದು, ಹೊರಗೆ ಕಾಪಿಯ ಮೇಲೆ ಲೂಪ್ ಓಡಿಸಿ. ಮೆಥಡ್‌ನಿಂದ ಒಳಗಿನ ಲಿಸ್ಟನ್ನೇ ಹಾಗೇ ಹೊರಗೆ ಕೊಡಬೇಡಿ. ಕೊಟ್ಟರೆ ಪಡೆದವರು ಲಾಕ್ ಇಲ್ಲದೆ ಅದನ್ನು ಮುಟ್ಟುತ್ತಾರೆ.

ಹೆಜ್ಜೆ 6: ಎರಡು ಲಾಕ್ ಬೇಕಾದರೆ ಕ್ರಮ ಗೊತ್ತು ಮಾಡಿ

ಸೀಜನ್‌ನಲ್ಲಿ ಗಂಜ್‌ನ ಸಣ್ಣ ಗಲ್ಲಿ ನೋಡಬೇಕು. ಆ ಕಡೆಯಿಂದ ಒಂದು ತುಂಬಿದ ಟ್ರಾಲಿ, ಈ ಕಡೆಯಿಂದ ಒಂದು. "ನೀ ಹಿಂದ ತಗೋ." "ನೀನೇ ತಗೋ." ಎರಡೂ ಅಲ್ಲೇ. ಕೋಡಿನಲ್ಲಿ ಇದಕ್ಕೆ ಡೆಡ್‌ಲಾಕ್ ಅನ್ನುತ್ತಾರೆ.

ಪ್ರತಿ ಗೋದಾಮಿಗೂ ಬೇರೆ ಲಾಕ್ ಇಟ್ಟಿದ್ದೀರಿ ಅನ್ನಿ. ಒಂದು ಥ್ರೆಡ್ 1ನೇ ಗೋದಾಮಿನಿಂದ 2ಕ್ಕೆ ಸಾಗಿಸಲು 1ರ ಲಾಕ್ ಹಿಡಿದು 2ರದಕ್ಕೆ ಕಾಯುತ್ತಿದೆ. ಇನ್ನೊಂದು 2ರಿಂದ 1ಕ್ಕೆ ಸಾಗಿಸಲು 2ರದ್ದು ಹಿಡಿದು 1ಕ್ಕೆ ಕಾಯುತ್ತಿದೆ. ಎರಡಕ್ಕೂ ಬಿಡುಗಡೆ ಇಲ್ಲ. ಸಿಪಿಯು ಸೊನ್ನೆ, ಎರರ್ ಸೊನ್ನೆ, ಪರದೆ ಮಾತ್ರ ಅಲ್ಲಾಡುವುದಿಲ್ಲ.

ಕಾಫ್‌ಮನ್ ಮತ್ತು ಜೊತೆಗಾರರು 1971ರಲ್ಲಿ ಡೆಡ್‌ಲಾಕ್ ಆಗಲು ನಾಲ್ಕು ಷರತ್ತು ಕೂಡಿಬರಬೇಕು ಅಂತ ತೋರಿಸಿದರು. ಒಮ್ಮೆಗೆ ಒಬ್ಬರೇ ಹಿಡಿಯುವಂತಿರಬೇಕು. ಒಂದನ್ನು ಹಿಡಿದುಕೊಂಡೇ ಇನ್ನೊಂದಕ್ಕೆ ಕಾಯಬೇಕು. ಹಿಡಿದದ್ದನ್ನು ಕಿತ್ತುಕೊಳ್ಳಲು ಬರಬಾರದು. ಕಾಯುವವರು ಸುತ್ತು ಹಾಕಿ ನಿಂತಿರಬೇಕು. ನಾಲ್ಕರಲ್ಲಿ ಒಂದನ್ನು ಮುರಿದರೆ ಸಾಕು. ಕೊನೆಯದನ್ನು ಮುರಿಯುವುದು ಸುಲಭ: ಚೀಲ ಯಾವ ಕಡೆಯಿಂದ ಯಾವ ಕಡೆಗೆ ಹೋದರೂ ಸಣ್ಣ ನಂಬರಿನ ಗೋದಾಮಿನ ಲಾಕ್ ಮೊದಲು, ದೊಡ್ಡದು ಆಮೇಲೆ. ಆಗ ಸುತ್ತು ಕಟ್ಟುವುದೇ ಇಲ್ಲ.

ಇನ್ನೊಂದು ಸಣ್ಣ ಬಲೆ ಇದೆ. ಲಾಕ್ ಹಿಡಿದ ಮೆಥಡ್ ಅದೇ ಲಾಕ್ ಕೇಳುವ ಇನ್ನೊಂದು ಮೆಥಡ್ ಕರೆದರೆ ಏನಾಗುತ್ತದೆ? ಜಾವಾದ ಸಿಂಕ್ರೊನೈಜ್ಡ್ ಒಪ್ಪುತ್ತದೆ. ಪೈಥಾನ್‌ನ ಸಾದಾ ಲಾಕ್ ಒಪ್ಪುವುದಿಲ್ಲ, ಥ್ರೆಡ್ ತನಗೆ ತಾನೇ ಕಾಯುತ್ತಾ ನಿಲ್ಲುತ್ತದೆ. ಅಲ್ಲಿ ಹಿಡಿದವರೇ ಮತ್ತೆ ಕೇಳಿದರೆ ಒಪ್ಪುವ ಆರ್‌ಲಾಕ್ ಬೇಕು.

ಜಾವಾ ಪ್ರೋಗ್ರಾಂ ಹೀಗೆ ನಿಂತಾಗ ಜೆಸ್ಟ್ಯಾಕ್ ಅನ್ನುವ ಸಾಧನ ಓಡಿಸಿ. ಯಾವ ಥ್ರೆಡ್ ಯಾವ ಲಾಕಿಗೆ ಕಾಯುತ್ತಿದೆ ಅಂತ ತೋರಿಸುತ್ತದೆ, ಡೆಡ್‌ಲಾಕ್ ಇದ್ದರೆ ಅದನ್ನೂ ಹೇಳುತ್ತದೆ. ನಾನು ಮಾತ್ರ ಗೋದಾಮಿಗೊಂದು ಲಾಕ್ ಅನ್ನುವ ಆಸೆಯನ್ನೇ ಬಿಟ್ಟೆ. ಇಡೀ ಸ್ಟಾಕಿಗೆ ಒಂದೇ ಲಾಕ್ ಇಟ್ಟೆ. ಒಂದು ಅಂಗಡಿಯ ವ್ಯಾಪಾರಕ್ಕೆ ಅದು ಧಾರಾಳ ಸಾಕು. ನಿಧಾನ ಅಂತ ಅಳೆದು ಗೊತ್ತಾದ ಮೇಲೆ ಒಡೆಯಬಹುದು, ಅಲ್ವಾ?

ಹೆಜ್ಜೆ 7: ಲಾಕ್ ಇಲ್ಲದೆ ಆಗುತ್ತದಾ ಅಂತ ಕೇಳಿ

ಬಿಲ್ ನಂಬರ್ ಬರೀ ಒಂದೊಂದೇ ಏರುವ ಸಂಖ್ಯೆ. ಅದಕ್ಕೆ ಅಟಾಮಿಕ್ ಇಂಟೀಜರ್ ಸಾಕು. ಓದಿ, ಕೂಡಿಸಿ, ಬರೆಯುವ ಮೂರು ಕೆಲಸವನ್ನೂ ಅದು ಒಡೆಯದಂತೆ ಮಾಡುತ್ತದೆ. ಜಾವಾದಲ್ಲಿ ಇದು 2004ರ ಜಾವಾ 5ರಿಂದಲೇ ಇದೆ. ವೊಲಟೈಲ್ ಹಾಕಿದರೆ ಸಾಕು ಅಂದುಕೊಳ್ಳಬೇಡಿ. ವೊಲಟೈಲ್ ಹೊಸ ಸಂಖ್ಯೆ ಎಲ್ಲರಿಗೂ ಕಾಣುವಂತೆ ಮಾಡುತ್ತದೆ ಅಷ್ಟೇ. ಇಬ್ಬರು ಒಟ್ಟಿಗೆ ಒಂದೊಂದು ಕೂಡಿಸಿದರೆ ಅದರಲ್ಲಿ ಒಂದು ಕಳೆದೇ ಹೋಗಬಹುದು.

ಇನ್ನೊಂದು ದಾರಿ ಮುನೀಮ ಕಾಕಾ ಅವರದ್ದು: ವಹಿ ಒಬ್ಬರ ಕೈಯಲ್ಲೇ ಇರಲಿ, ಉಳಿದವರು ಚೀಟಿ ಕೊಡಲಿ. ಅಂದರೆ ಒಂದು ಥ್ರೆಡ್ ಮಾತ್ರ ಡೇಟಾ ಮುಟ್ಟುತ್ತದೆ, ಉಳಿದವು ಕ್ಯೂಗೆ ಕೆಲಸ ಹಾಕುತ್ತವೆ. ಪೈಥಾನ್‌ನ ಕ್ಯೂ, ಜಾವಾದ ಬ್ಲಾಕಿಂಗ್ ಕ್ಯೂ, ಗೋ ಭಾಷೆಯ ಚಾನೆಲ್ ಇದಕ್ಕೇ ಇರುವುದು. ನನ್ನ ಎಸ್ಎಂಎಸ್ ಕೆಲಸ ಈಗ ಹೀಗೇ ನಡೆಯುತ್ತದೆ. ಹೊಸದಾಗಿ ಬರೆಯುವುದಾದರೆ ಸ್ಟಾಕನ್ನೂ ಹೀಗೇ ಬರೆಯುತ್ತಿದ್ದೆ.

ಹೆಜ್ಜೆ 8: ಎರಡನೆಯ ಕಂಪ್ಯೂಟರ್ ಬಂದರೆ

ಮುಂದಿನ ಸೀಜನ್‌ಗೆ ಗೋದಾಮಿನಲ್ಲೂ ಒಂದು ಕಂಪ್ಯೂಟರ್ ಇಟ್ಟರು. ಡೇಟಾಬೇಸ್ ಒಂದೇ, ಪ್ರೋಗ್ರಾಂ ಎರಡು ಕಡೆ. ನನ್ನ ಲಾಕ್ ಒಂದು ಪ್ರೊಸೆಸ್‌ನ (ಓಡುತ್ತಿರುವ ಒಂದು ಪ್ರೋಗ್ರಾಂನ) ಮೆಮೊರಿಯಲ್ಲಿ ಇರುವಂಥದ್ದು, ಆ ಕಡೆಯವರಿಗೆ ಅದು ಕಾಣುವುದೇ ಇಲ್ಲ. ಒಂದೇ ಸರ್ವರ್‌ನಲ್ಲಿ ನಾಲ್ಕು ವರ್ಕರ್ ಪ್ರೊಸೆಸ್ ಓಡಿಸುವವರಿಗೂ ಇದೇ ಕಥೆ.

ಆಗ ಕಾವಲು ಡೇಟಾಬೇಸ್‌ಗೆ ಹೋಗಬೇಕು. ಸ್ಟಾಕ್ ಓದಿ, ಪ್ರೋಗ್ರಾಂನಲ್ಲಿ ಕಳೆದು, ಮತ್ತೆ ಬರೆಯಬೇಡಿ. "ಸ್ಟಾಕ್ 40 ಅಥವಾ ಜಾಸ್ತಿ ಇದ್ದರೆ ಮಾತ್ರ 40 ಕಳೆ" ಅಂತ ಒಂದೇ ಅಪ್‌ಡೇಟ್ ಆಜ್ಞೆ ಕೊಡಿ. ಎಷ್ಟು ಸಾಲು ಬದಲಾದವು ಅಂತ ನೋಡಿ. ಸೊನ್ನೆ ಬಂದರೆ ಸ್ಟಾಕ್ ಸಾಲಲಿಲ್ಲ ಅಂತ ಅರ್ಥ, ಬಿಲ್ ಮಾಡಬೇಡಿ. ಎರಡು ಗೋದಾಮಿನ ಸಾಲು ಒಟ್ಟಿಗೆ ಬದಲಾಗಬೇಕಿದ್ದರೆ ಟ್ರಾನ್ಸಾಕ್ಷನ್ (ಆದರೆ ಎಲ್ಲವೂ, ಇಲ್ಲದಿದ್ದರೆ ಯಾವುದೂ ಇಲ್ಲ) ಒಳಗೆ ಮಾಡಿ. ಡೇಟಾಬೇಸ್‌ನಲ್ಲೂ ಡೆಡ್‌ಲಾಕ್ ಆಗುತ್ತದೆ, ಅದೇ ನಂಬರಿನ ಕ್ರಮ ಅಲ್ಲಿಯೂ ಇರಲಿ.

ಹೆಜ್ಜೆ 9: ಬೇಕಂತಲೇ ಕೆಡಿಸಿ ನೋಡಿ

ನನ್ನ ಲ್ಯಾಪ್‌ಟಾಪ್‌ನಲ್ಲಿ ಆ 40 ಚೀಲದ ತಪ್ಪು ಒಮ್ಮೆಯೂ ಬರಲಿಲ್ಲ. ನೋಡೋಣ ಅಂತ ಪ್ರಿಂಟ್ ಹಾಕಿದರೆ ಇನ್ನೂ ಬರಲಿಲ್ಲ, ಯಾಕೆಂದರೆ ಪ್ರಿಂಟ್ ಹಾಕಿದರೆ ಥ್ರೆಡ್‌ಗಳ ಟೈಮಿಂಗ್ ಬದಲಾಗುತ್ತದೆ. ಟೈಮಿಂಗ್ ಎಷ್ಟು ಮೋಸ ಮಾಡುತ್ತದೆ ಅನ್ನುವುದಕ್ಕೆ ಥೆರಾಕ್ 25 ಅನ್ನುವ ವಿಕಿರಣ ಚಿಕಿತ್ಸಾ ಯಂತ್ರದ ಕಥೆ ಓದಬೇಕು. 1985ರಿಂದ 1987ರ ನಡುವೆ ಅಮೆರಿಕ, ಕೆನಡಾಗಳಲ್ಲಿ 6 ರೋಗಿಗಳಿಗೆ ಅದರಿಂದ ಮಿತಿಮೀರಿದ ವಿಕಿರಣ ತಾಗಿತು. ಅದರಲ್ಲಿದ್ದ ಒಂದು ದೋಷ ರೇಸ್ ಕಂಡೀಶನ್. ಆಪರೇಟರ್ ತುಂಬಿದ ವಿವರವನ್ನು ಸುಮಾರು 8 ಸೆಕೆಂಡಿನೊಳಗೆ ತಿದ್ದಿದಾಗ ಮಾತ್ರ ಅದು ಬರುತ್ತಿತ್ತು. ಕೈ ಪಳಗಿ ಟೈಪಿಂಗ್ ಚುರುಕಾದವರಿಗಷ್ಟೇ ಅದು ಸಿಗುತ್ತಿತ್ತು. ನಿಧಾನವಾಗಿ ಟೈಪ್ ಮಾಡಿ ಪರೀಕ್ಷಿಸಿದವರಿಗೆ ಹೇಗೆ ಕಾಣಬೇಕು?

ಹಾಗಾಗಿ ತಪ್ಪಿಗೆ ನೀವೇ ದಾರಿ ಮಾಡಿಕೊಡಿ. ಪರೀಕ್ಷೆಗೆ ಮಾತ್ರ ಅಂತ, ಓದುವ ಸಾಲಿಗೂ ಬರೆಯುವ ಸಾಲಿಗೂ ನಡುವೆ ಸಣ್ಣ ಸ್ಲೀಪ್ (ಸ್ವಲ್ಪ ಹೊತ್ತು ನಿಲ್ಲಿಸುವ ಆಜ್ಞೆ) ಹಾಕಿ. 20 ಥ್ರೆಡ್ ಮಾಡಿ, ಬ್ಯಾರಿಯರ್ ಇಟ್ಟು ಎಲ್ಲವನ್ನೂ ಒಟ್ಟಿಗೆ ಬಿಡಿ. ಅರ್ಧ ಥ್ರೆಡ್‌ಗಳು ಒಂದೊಂದು ಚೀಲವನ್ನು ಸಾವಿರ ಸಲ ಕೂಡಿಸಲಿ, ಅರ್ಧ ಅಷ್ಟೇ ಸಲ ಕಳೆಯಲಿ. ಕೊನೆಗೆ ಶುರುವಿನ ಸಂಖ್ಯೆಯೇ ಬರಬೇಕು. ಮೊದಲು ಲಾಕ್ ಇಲ್ಲದೆ ಓಡಿಸಿ, ಲೆಕ್ಕ ಕೆಡುವುದನ್ನು ಕಣ್ಣಾರೆ ನೋಡಿ. ಕೆಡದಿದ್ದರೆ ನಿಮ್ಮ ಪರೀಕ್ಷೆಗೆ ಹಲ್ಲಿಲ್ಲ ಅಂತ ತಿಳಿಯಿರಿ. ಆಮೇಲೆ ಲಾಕ್ ಹಾಕಿ ಓಡಿಸಿ.

ಪೈಥಾನ್ ಬರೆಯುವವರಿಗೆ ಒಂದು ಎಚ್ಚರಿಕೆ. "ಗಿಲ್ ಇದೆ, ಲಾಕ್ ಬೇಡ" ಅನ್ನುವ ಮಾತು ಬಹಳ ಕೇಳಿಬರುತ್ತದೆ. ಗಿಲ್ ಅಂದರೆ ಒಂದು ಸಲಕ್ಕೆ ಒಂದೇ ಥ್ರೆಡ್ ಪೈಥಾನ್ ಕೋಡ್ ಓಡಿಸುವಂತೆ ಮಾಡುವ ಪೈಥಾನ್‌ನದೇ ಲಾಕ್. ಅದು ಇಂಟರ್‌ಪ್ರಿಟರ್‌ನ ಒಳಗಿನ ಲೆಕ್ಕವನ್ನು ಕಾಯುತ್ತದೆ, ನಿಮ್ಮ ಚೀಲದ ಲೆಕ್ಕವನ್ನಲ್ಲ. ಪೈಥಾನ್ 3.10 ಮತ್ತು ಆಮೇಲಿನ ಆವೃತ್ತಿಗಳಲ್ಲಿ ಥ್ರೆಡ್ ಬದಲಾಗುವ ಜಾಗಗಳು ಕಡಿಮೆಯಾದವು. ಅದಕ್ಕೇ ಸರಳ ಕೌಂಟರ್ ಉದಾಹರಣೆ ಈಗ ಸರಿಯಾದ ಉತ್ತರವನ್ನೇ ಕೊಟ್ಟು ಮೋಸ ಮಾಡುತ್ತದೆ. 2024ರಲ್ಲಿ ಬಂದ 3.13ರಿಂದ ಗಿಲ್ ಇಲ್ಲದ ಪೈಥಾನ್ ಕೂಡ ಇದೆ. ಇವತ್ತು ಅದೃಷ್ಟದಿಂದ ನಡೆಯುತ್ತಿರುವ ಕೋಡ್ ಅಲ್ಲಿ ಬೀಳಬಹುದು.

ಸಿ ಪ್ಲಸ್ ಪ್ಲಸ್‌ಗೆ ರೇಸ್ ಹುಡುಕಿಕೊಡುವ ಥ್ರೆಡ್ ಸ್ಯಾನಿಟೈಸರ್ ಇದೆ. ಗೋ ಭಾಷೆಯಲ್ಲಿ ರೇಸ್ ಡಿಟೆಕ್ಟರ್ 2013ರಿಂದಲೇ ಜೊತೆಗೆ ಬರುತ್ತದೆ. ಇದ್ದವರು ಬಳಸಿ. ಆದರೆ ಓಡಿದ ದಾರಿಯಲ್ಲಿ ಸಿಕ್ಕ ತಪ್ಪನ್ನಷ್ಟೇ ಅವು ತೋರಿಸುತ್ತವೆ.

ಕೊನೆಯದಾಗಿ ಪ್ರೋಗ್ರಾಂ ಒಳಗೇ ಸಂಜೆಯ ಎಣಿಕೆ ಇಡಿ. ನನ್ನದು ಈಗ ಪ್ರತಿ ಒಳಬರುವಿಕೆ, ಪ್ರತಿ ಬಿಲ್ಲನ್ನು ಬೇರೆ ಬೇರೆ ಸಾಲಾಗಿ ದಾಖಲಿಸುತ್ತದೆ. ರಾತ್ರಿ 8 ಗಂಟೆಗೆ ಬೆಳಗಿನ ಸ್ಟಾಕಿಗೆ ಬಂದದ್ದು ಕೂಡಿಸಿ, ಹೋದದ್ದು ಕಳೆದು, ಪರದೆಯ ಸಂಖ್ಯೆಯ ಜೊತೆ ಹೋಲಿಸುತ್ತದೆ. ಕೂಡದಿದ್ದರೆ ಕೆಂಪು ಸಾಲಿನಲ್ಲಿ "ಸಾಫ್ಟ್‌ವೇರ್ ನೋಡಿ" ಅಂತ ಬರುತ್ತದೆ. ಆ ಎರಡು ಪದ ಹಾಕಿಸಿದವರು ಮುನೀಮ ಕಾಕಾ. "ಮೊದಲ ಅದನ್ನ ಬರಿ ತಮ್ಮಾ, ಹಮಾಲರನ್ನ ಆಮ್ಯಾಲ ಕೇಳೋಣು" ಅಂದಿದ್ದರು.